ಮೈಸೂರಿನ ಫಿಲೋಮಿನಾ ಚರ್ಚೂ ಅದರ ಹೆತ್ತವ್ವನೂ

ಮೈಸೂರಿಗೆ ಹೋದೋರೆಲ್ಲ ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ ನೋಡ್ಕೊಂಡು, ಹೊತ್ತು ಉಳಿದ್ರೆ ಮಾತ್ರ ಫಿಲೋಮಿನಾ ಚರ್ಚಿಗೆ ಒಂದು ಸುತ್ತು ಹಾಕಿ ಬರ್ತೀವಿ. ನಮ್ಮ ಕೂಟಗಲ್ ಕಡೆಯಿಂದ ಮಕ್ಕಳ ಪ್ರವಾಸ ಹೋದ್ರೂ ಅಷ್ಟೆ, ಮದುವೆ ಜವಳಿಗೆ ಹೋದೋರು ನುಗ್ಗಿ ಬಂದ್ರೂ ಅಷ್ಟೆ. ಎರಡು ಗೋಪುರದ ಮುಂದೆ ಸಾಲಾಗಿ ನಿಂತು ಫೋಟೋ ಹಿಡಿಸ್ಕೊಳ್ಳೋದು, "ಎಷ್ಟೆತ್ತರ ಐತೆ ನೋಡೇ" ಅನ್ನೋದು, ಬಸ್ಸು ಹತ್ತೋದು. ಅದನ್ನ ಯಾರು ಕಟ್ಟಿಸಿದ್ರು, ಯಾಕೆ ಹಂಗೆ ಚೂಪಾಗಿ ಕಟ್ಟಿಸಿದ್ರು, ನೆಲದಡಿ ಮಲಗಿರೋ ಆ ಹುಡುಗಿ ಯಾರು ಅಂತ ಕೇಳೋಕೆ ಯಾರಿಗೂ ಪುರುಸೊತ್ತಿರಲ್ಲ. ಈ ಸಲ ಅದನ್ನೇ ಬರೀತೀನಿ ಕಣ್ರಮ್ಮಾ. ಸ್ವಲ್ಪ ಉದ್ದ ಆಗುತ್ತೆ, ಒಲೆ ಮೇಲೆ ಏನಾದ್ರೂ ಇಟ್ಟಿದ್ರೆ ಇಳಿಸಿ ಬಂದು ಓದಿ.

ಈಗ ಚರ್ಚ್ ಇರೋ ಜಾಗದಲ್ಲಿ ಮೊದಲೊಂದು ಚಿಕ್ಕ ಚರ್ಚ್ ಇತ್ತು. ಅದನ್ನ 1843ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಆ ಹೊತ್ತಿಗೆ ಅವರ ಕೈಯಲ್ಲಿ ಆಡಳಿತ ಇರಲಿಲ್ಲ. 1831ರಲ್ಲೇ ಬ್ರಿಟಿಷರು ರಾಜ್ಯಭಾರ ತಗೊಂಡು, ರಾಜರನ್ನ ಅರಮನೆಯಲ್ಲಿ ಕೂರಿಸಿದ್ರು. ರಾಜ್ಯ ಹೋದ್ರೂ ಧರ್ಮ ಬಿಡಲಿಲ್ಲ ಅಂತಾರಲ್ಲ, ಹಂಗೆ. ಆ ಚರ್ಚಿನ ಶಾಸನದ ಕಲ್ಲು ಆಮೇಲೆ ಹೊಸ ಚರ್ಚಿಗೆ ಪಾಯ ತೆಗೆಯೋವಾಗ ಸಿಕ್ತು. ಲೋಕವನ್ನೆಲ್ಲ ಹುಟ್ಟಿಸಿ, ಕಾಪಾಡಿ, ಆಳೋ ಒಬ್ಬನೇ ದೇವರ ಹೆಸರಲ್ಲಿ, ಯೇಸು ಹುಟ್ಟಿ 1843 ವರ್ಷ ಆದ ಮೇಲೆ ಇದನ್ನ ಕಟ್ಟಿದ್ದು ಅನ್ನೋದು ಅದರ ತಾತ್ಪರ್ಯ. ನಮ್ಮ ಗುಡಿ ಶಾಸನಗಳ ಧಾಟೀಲೇ ಐತೆ, ಅಲ್ವಾ?

ಇನ್ನು ಹೊಸ ಚರ್ಚಿನ ಕತೆ. ನಾಲ್ವಡಿ ಕೃಷ್ಣರಾಜ ಒಡೆಯರ ಹತ್ತಿರ ತಂಬುಚೆಟ್ಟಿಯವರು ಅಂತ ಹುಜೂರ್ ಸೆಕ್ರೆಟರಿ ಇದ್ರು. ಅವರು ಕ್ಯಾಥೊಲಿಕ್ ಕ್ರೈಸ್ತರು. ರೋಮಿನ ಪೋಪರ ಪ್ರತಿನಿಧಿ ಪೀಟರ್ ಪಿಸಾನಿ ಅನ್ನೋರಿಂದ 1926ರಲ್ಲಿ ಸಂತ ಫಿಲೋಮಿನಾಳ ಅವಶೇಷದ ಒಂದು ತುಣುಕನ್ನ ತರಿಸ್ಕೊಂಡು, ಫಾದರ್ ಕೋಶೆ ಅವರ ಕೈಗೆ ಕೊಟ್ರು. ಫಾದರು ಮಹಾರಾಜರನ್ನ ಕಂಡು, ಈ ತಾಯಿಗೆ ಒಂದು ದೊಡ್ಡ ಚರ್ಚ್ ಆಗಬೇಕು ಬುದ್ಧಿ ಅಂತ ಕೇಳ್ಕೊಂಡ್ರು. ಮಹಾರಾಜರು ಒಪ್ಪಿದ್ರು. 1933ನೇ ಇಸವಿ ಅಕ್ಟೋಬರ್ 28ರಂದು ಸ್ವತಃ ಅವರೇ ಅಡಿಗಲ್ಲು ಹಾಕಿದ್ರು. ಈ ಚರ್ಚಿಗೆ ಎರಡು ಪಾಯ, ಒಂದು ದೇವರ ಕರುಣೆ, ಇನ್ನೊಂದು ಜನರ ಕೃತಜ್ಞತೆ ಅನ್ನೋ ಅರ್ಥದ ಮಾತನ್ನ ಅವತ್ತು ಆಡಿದ್ರಂತೆ. ದಸರಾ ಅಂಬಾರಿ ಹತ್ತೋ ರಾಜರು, ಚಾಮುಂಡಿ ಒಕ್ಕಲು, ಚರ್ಚಿನ ಪಾಯದಲ್ಲಿ ನಿಂತು ಹೇಳಿದ ಮಾತು ಇದು.

ನಕ್ಷೆ ಮಾಡಿದವರು ಡೇಲಿ ಅನ್ನೋ ಫ್ರೆಂಚರು. ಮುಂದೆ ನಿಂತು ಕಟ್ಟಿಸಿದವರು ಬಿಷಪ್ ರೆನೆ ಫ್ಯೂಗಾ. ಚರ್ಚಿನ ವರ್ಷ 1936 ಅಂತ ಬರೀತಾರೆ. ಗೋಪುರ ಒಂದೊಂದೂ 175 ಅಡಿ. ಒಳಗೆ ಸುಮಾರು 800 ಜನ ಕೂರಬಹುದು. ಮೇಲಿಂದ ನೋಡಿದ್ರೆ ಕಟ್ಟಡ ಶಿಲುಬೆ ಥರಾನೇ ಕಾಣುತ್ತೆ. ಉದ್ದದ ಹಜಾರ ಶಿಲುಬೆಯ ಕಂಬ, ಅಡ್ಡಕ್ಕೆ ಚಾಚಿರೋ ಎರಡು ತೋಳು, ತಲೆ ಕಡೆಗೆ ಬಲಿಪೀಠ. ಬಲಿಪೀಠ ಅಂದ್ರೆ ನಮ್ಮ ಗರ್ಭಗುಡಿ ಇದ್ದಂಗೆ ಅಂದ್ಕೊಳ್ಳಿ. ಆದ್ರೆ ನಮ್ಮಲ್ಲಿ ಗರ್ಭಗುಡಿ ಕತ್ತಲು, ದೀಪದ ಬೆಳಕಲ್ಲಿ ದೇವರ ಮುಖ ಕಾಣಬೇಕು. ಅಲ್ಲಿ ಹೊರಗಿನ ಬೆಳಕೇ ಬಣ್ಣ ಬಣ್ಣವಾಗಿ ಒಳಗೆ ಬರಬೇಕು.

ಕಲ್ಲಿಗೆ ಬಾಗೋಕೆ ಬರಲ್ಲ

ಈ ಥರ ಕಟ್ಟೋದಕ್ಕೆ ಗಾತಿಕ್ ಅಂತಾರೆ. ಮೊದಲು ಅದು ಬೈಗುಳ. ಹಳೇ ರೋಮ್ ರಾಜ್ಯವನ್ನ ಹಾಳುಗೆಡವಿದ ಗಾತ್ ಅನ್ನೋ ಬುಡಕಟ್ಟಿನ ಹೆಸರದು. ಮುಂದೆ ಬಂದ ಇಟಲಿಯೋರು ಈ ಚೂಪು ಚರ್ಚುಗಳನ್ನ ನೋಡಿ, ಇದು ಕಾಡುಜನ ಕಟ್ಟಿದ್ದು ಅಂತ ಹಂಗಿಸೋಕೆ ಆ ಹೆಸರಿಟ್ರು. ಬೈದ ಹೆಸರೇ ನಿಂತ್ಕೊಂತು. ಶುರುವಾದದ್ದು ಫ್ರಾನ್ಸಿನಲ್ಲಿ, ಪ್ಯಾರಿಸ್ ಪಕ್ಕದ ಸಾಂ ದೆನಿ ಅನ್ನೋ ಮಠದಲ್ಲಿ, 1140ರ ಸುಮಾರಿಗೆ. ಸುಜೇ ಅನ್ನೋ ಮಠಾಧೀಶರು ಹಳೇ ಚರ್ಚಿನ ಬಲಿಪೀಠದ ಭಾಗವನ್ನ ಬೆಳಕು ತುಂಬೋ ಹಂಗೆ ಮತ್ತೆ ಕಟ್ಟಿಸಿದ್ರು. ನಮ್ಮ ಬೇಲೂರಿನ ಚೆನ್ನಕೇಶವ ಪ್ರತಿಷ್ಠೆ ಆದದ್ದು 1117ರಲ್ಲಿ. ಅಂದ್ರೆ ವಿಷ್ಣುವರ್ಧನನ ಶಿಲ್ಪಿಗಳು ಬೇಲೂರು ಮುಗಿಸಿ ಹಳೇಬೀಡಿನಲ್ಲಿ ಉಳಿ ಹಿಡಿದಿದ್ದ ಕಾಲಕ್ಕೆ ಅಲ್ಲಿ ಗಾತಿಕ್ ಹುಟ್ಟಿತು.

ಇಬ್ಬರ ಮುಂದೆಯೂ ಇದ್ದ ಕಷ್ಟ ಒಂದೇ, ಕಲ್ಲು. ಕಲ್ಲಿನ ಗುಣ ನಮ್ಮ ರಾಮನಗರದೋರಿಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ಕ್ಲೋಸ್‌ಪೇಟೆ ಅನ್ನೋ ನಮ್ಮೂರ ಹಳೇ ಹೆಸರನ್ನೇ ಇಲ್ಲಿನ ಕಲ್ಲಿಗೆ ಇಟ್ಟು, ಲೋಕದೋರೆಲ್ಲ ಕ್ಲೋಸ್‌ಪೇಟ್ ಗ್ರಾನೈಟ್ ಅಂತ ಪುಸ್ತಕದಲ್ಲಿ ಓದ್ತಾರೆ. ಕಲ್ಲಿನ ತಲೆ ಮೇಲೆ ಎಷ್ಟು ಹೇರಿದ್ರೂ ಹೊರುತ್ತೆ. ಬಾಗಿಸಿದ್ರೆ ಮಾತ್ರ ಪಟ್ ಅಂತ ಮುರಿಯುತ್ತೆ. ಅದಕ್ಕೇ ಹಳೇ ಮನೆಗಳಲ್ಲಿ ಚಪ್ಪಡಿ ಹಾಸಿದ ಕಡೆ ಕಂಬ ಹತ್ತಿರ ಹತ್ತಿರ ಇರುತ್ತೆ. ಕಂಬ ದೂರ ಹಾಕಿದ್ರೆ ಚಪ್ಪಡಿ ನಡುವೆ ಬಿರುಕು ಬಿಡುತ್ತೆ. ನಮ್ಮ ಗುಡಿಗಳ ಮಂಟಪದಲ್ಲಿ ಅಷ್ಟೊಂದು ಕಂಬ ಯಾಕೆ ಅಂದ್ರೆ ಇದೇ. ನಮ್ಮೋರು ಆ ಕಂಬಗಳನ್ನೇ ಚೆಂದ ಮಾಡಿದ್ರು. ಹೊಯ್ಸಳರು ಬಳಪದ ಕಲ್ಲಿನ ಗೋಡೆ ತುಂಬ ಆನೆ, ಕುದುರೆ, ಬಳ್ಳಿ, ರಾಮಾಯಣ ಎಲ್ಲ ಬಿಡಿಸಿದ್ರು.

ಗಾತಿಕ್‌ನೋರು ಬೇರೆ ದಾರಿ ಹಿಡಿದ್ರು. ಅವರಿಗೆ ದೊಡ್ಡ ಹಜಾರ ಬೇಕು, ಸಾವಿರಾರು ಜನ ಒಟ್ಟಿಗೆ ನಿಂತು ಪೂಜೆ ಕೇಳಬೇಕು, ನಡುವೆ ಕಂಬ ಅಡ್ಡ ಬರಬಾರದು. ಅದಕ್ಕೆ ಕಮಾನು ಬೇಕು. ಗುಂಡನೆ ಕಮಾನು ಮೊದಲೇ ಇತ್ತು. ಅದರ ತೊಂದ್ರೆ ಏನು ಅಂದ್ರೆ, ಭಾರ ಬಿದ್ದಾಗ ಕಾಲು ಎರಡೂ ಹೊರಕ್ಕೆ ಜರುಗುತ್ತೆ. ಅದನ್ನ ತಡೆಯೋಕೆ ಗೋಡೆ ಕೋಟೆ ಗೋಡೆಯಂಗೆ ದಪ್ಪ ಇರಬೇಕು, ಕಿಟಕಿ ಇಷ್ಟೇ ಇಷ್ಟು. ಚೂಪು ಕಮಾನಿನಲ್ಲಿ ಭಾರ ನೆಟ್ಟಗೆ ಕೆಳಕ್ಕೆ ಇಳಿಯುತ್ತೆ, ಹೊರಕ್ಕೆ ತಳ್ಳೋದು ಕಮ್ಮಿ. ಎರಡು ಅಂಗೈ ಸೇರಿಸಿ ನಮಸ್ಕಾರ ಮಾಡಿ ನೋಡಿ, ಆ ಆಕಾರವೇ ಅದು. ಇನ್ನೊಂದು ಅನುಕೂಲ, ಅಗಲ ಎಷ್ಟೇ ಇರಲಿ, ಚೂಪನ್ನ ಏರಿಸಿ ಇಳಿಸಿ ಎಲ್ಲ ಕಮಾನನ್ನೂ ಒಂದೇ ಎತ್ತರಕ್ಕೆ ತರಬಹುದು.

ಎರಡನೇ ಉಪಾಯ ಚಾವಣಿದು. ಕೊಡೆ ಬಿಚ್ಚಿ ಒಳಗಿಂದ ನೋಡಿ. ಕಡ್ಡಿ ಇರೋದ್ರಿಂದ ಬಟ್ಟೆ ತೆಳ್ಳಗಿದ್ರೂ ನಿಲ್ಲುತ್ತೆ. ಹಂಗೆ ಮೊದಲು ಕಲ್ಲಿನ ಕಡ್ಡಿಗಳನ್ನ ಕಂಬದಿಂದ ಕಂಬಕ್ಕೆ ಓರೆಯಾಗಿ ಎತ್ತಿ, ನಡುವೆ ಹಗುರದ ಕಲ್ಲು ತುಂಬ್ತಿದ್ರು. ಭಾರವೆಲ್ಲ ಕಡ್ಡಿ ಹಿಡಿದು ಕಂಬಕ್ಕೆ ಇಳೀತಿತ್ತು. ಮೂರನೇದು, ಇನ್ನೂ ಉಳಿದ ತಳ್ಳಾಟಕ್ಕೆ ಹೊರಗಿಂದ ಆಸರೆ. ಗೊನೆ ಬಿಟ್ಟ ಬಾಳೆ ವಾಲದಂಗೆ ತೋಟದಲ್ಲಿ ಕವೆಗೋಲು ಕೊಡ್ತೀವಲ್ಲ, ಥೇಟ್ ಅದೇ. ಚರ್ಚಿನ ಹೊರಗೆ ದೂರದಲ್ಲಿ ದಪ್ಪ ಕಂಬ ನಿಲ್ಲಿಸಿ, ಅಲ್ಲಿಂದ ಗೋಡೆಯ ಹೆಗಲಿಗೆ ಅರ್ಧ ಕಮಾನಿನ ಕೈ ಕೊಡ್ತಿದ್ರು.

ಇಷ್ಟಾದ ಮೇಲೆ ಗೋಡೆಗೆ ಕೆಲಸವೇ ಇಲ್ಲ. ಗೋಡೆ ಜಾಗಕ್ಕೆ ಗಾಜು ಬಂತು. ಆ ಗಾಜಿಗೆ ಬಹುಪಾಲು ಬಣ್ಣ ಮೇಲೆ ಬಳಿದದ್ದಲ್ಲ. ಚನ್ನಪಟ್ಟಣದ ಗೊಂಬೆಗೆ ತಿರುಗಣೆ ಮೇಲೆ ಅರಗು ಒತ್ತಿ ಬಣ್ಣ ಹಿಡಿಸ್ತಾರೆ, ಅದು ಮೈ ಮೇಲೆ ಕೂರುತ್ತೆ. ಇಲ್ಲಿ ಗಾಜು ಕರಗಿ ಪಾಕ ಆಗಿರೋವಾಗಲೇ ಲೋಹದ ಪುಡಿ ಸೇರಿಸ್ತಾರೆ. ಕೋಬಾಲ್ಟ್ ಹಾಕಿದ್ರೆ ನೀಲಿ, ತಾಮ್ರದಿಂದ ಕೆಂಪು, ಹಸಿರು. ತುಂಡು ತುಂಡು ಮಾಡಿ ಸೀಸದ ಪಟ್ಟಿಯಲ್ಲಿ ಜೋಡಿಸಿದ್ರೆ ಚಿತ್ರ. ಕಣ್ಣು ಮೂಗು ಮಾತ್ರ ಕಪ್ಪು ಬಣ್ಣದಲ್ಲಿ ಬರೆದು ಮತ್ತೆ ಸುಡೋದು. ಮೈಸೂರಿನ ಚರ್ಚಿನಲ್ಲಿ ಯೇಸು ಹುಟ್ಟಿದ್ದು, ಕೊನೆಯ ಊಟ, ಶಿಲುಬೆಗೆ ಏರಿಸಿದ್ದು, ಮತ್ತೆ ಎದ್ದದ್ದು, ಸ್ವರ್ಗಕ್ಕೆ ಏರಿದ್ದು, ಇವೆಲ್ಲ ಕಿಟಕಿ ಗಾಜಿನಲ್ಲೇ ಐತೆ. ಓದು ಬಾರದ ಹೆಂಗಸರೂ ಕತೆ ತಿಳ್ಕೊಳ್ಳಲಿ ಅನ್ನೋದು ಹಳೇ ಕಾಲದ ಲೆಕ್ಕ. ನಮ್ಮ ಗುಡಿ ಗೋಡೆಯ ರಾಮಾಯಣದ ಪಟ್ಟಿ ಮಾಡಿದ್ದೂ ಅದೇ ಕೆಲಸ.

ಹೆತ್ತವ್ವ ಕಲೋನು

ಫಿಲೋಮಿನಾ ಚರ್ಚಿನ ಜೋಡಿ ಗೋಪುರ ಜರ್ಮನಿಯ ಕಲೋನ್ ಪಟ್ಟಣದ ದೊಡ್ಡ ಚರ್ಚನ್ನ ಹೋಲುತ್ತೆ ಅಂತ ನೋಡಿದೋರೆಲ್ಲ ಹೇಳ್ತಾರೆ. ಮೈಸೂರಿಂದು 20ನೇ ಶತಮಾನದ ಮಗು. ಹೆತ್ತವ್ವ ಹುಟ್ಟಿದ್ದು 13ನೇ ಶತಮಾನದಲ್ಲಿ. ಎತ್ತರ 157 ಮೀಟರ್, ಅಂದ್ರೆ 515 ಅಡಿ. ಮೈಸೂರಿನ ಗೋಪುರ ಹೆಚ್ಚೂಕಮ್ಮಿ ಮೂರು ಪಟ್ಟು ಆದ್ರೆ ಅದಕ್ಕೆ ಸಮ.

ಆ ಊರಿಗೆ 1164ರಲ್ಲಿ ಮಿಲಾನ್ ಪಟ್ಟಣದಿಂದ ಮೂವರು ಜ್ಞಾನಿಗಳ ಅವಶೇಷ ಬಂತು. ಯೇಸು ಹುಟ್ಟಿದಾಗ ನಕ್ಷತ್ರ ಹಿಡಿದು ಚಿನ್ನ, ಧೂಪ, ಗಂಧರಸ ತಂದ್ರಲ್ಲ, ಅವರದ್ದು ಅನ್ನೋ ನಂಬಿಕೆ. ಯಾತ್ರೆಯೋರು ಜಾತ್ರೆಯಂಗೆ ಬರೋಕೆ ಶುರು ಮಾಡಿದ್ರು. ಹಳೇ ಚರ್ಚ್ ಸಾಲದೆ ಬಂತು. 1248ರಲ್ಲಿ ಅದು ಬೆಂಕಿಗೆ ಬಿತ್ತು, ಅದೇ ವರ್ಷ ಆಗಸ್ಟ್ 15ರಂದು ಹೊಸದಕ್ಕೆ ಅಡಿಗಲ್ಲು ಬಿತ್ತು. ಮೈಸೂರಿನ ಮರದ ಅರಮನೆ 1897ರಲ್ಲಿ ಸುಟ್ಟು ಈಗಿನ ಅರಮನೆ ಎದ್ದಂಗೆ. ಮೊದಲ ಮೇಸ್ತ್ರಿ ಗೆರಾರ್ಡ್ ಅನ್ನೋರು. ನಮ್ಮ ಸೋಮನಾಥಪುರದ ಕೇಶವ ದೇವಾಲಯ ಎದ್ದದ್ದೂ ಅದೇ ಶತಮಾನದಲ್ಲೇ.

1322ಕ್ಕೆ ಬಲಿಪೀಠದ ಭಾಗ ಮುಗೀತು. ಪೂಜೆ ನಿಲ್ಲಬಾರದು ಅಂತ ಅಲ್ಲಿಗೊಂದು ತಾತ್ಕಾಲಿಕ ಗೋಡೆ ಹಾಕ್ಕೊಂಡ್ರು. ದೇವರ ಮನೆ ಮೊದಲು ಮುಗಿಸ್ಕೊಂಡು ಗೃಹಪ್ರವೇಶ ಮಾಡ್ಕೊಂಡು, ಮಿಕ್ಕಿದ್ದು ಆಮೇಲೆ ಕಟ್ಕೊಳ್ಳೋಣ ಅಂತೀವಲ್ಲ, ಹಂಗೆ. ಆ "ಆಮೇಲೆ" ಎಷ್ಟು ಉದ್ದ ಆಯ್ತು ಅಂದ್ರೆ, 1560ರ ಹೊತ್ತಿಗೆ ಕೆಲಸವೇ ನಿಂತೋಯ್ತು. ಗೋಪುರದ ಮೊಂಡು ಬುಡದ ಮೇಲೆ ಕಲ್ಲೆತ್ತೋ ಮರದ ರಾಟೆ ಹಂಗೇ ಉಳೀತು. ಅದನ್ನ ಇಳಿಸಿದ್ದು 1868ರಲ್ಲಿ. ಹತ್ತಾರು ತಲೆಮಾರಿನ ಮಕ್ಕಳು ಆ ರಾಟೆಯನ್ನೇ ಊರಿನ ಗುರುತು ಅಂತ ನೋಡ್ಕೊಂಡು ಬೆಳೆದ್ರು.

ಮುಂದಿನದು ಇನ್ನೂ ಸೊಗಸು. ಮುಂಭಾಗದ ಮಧ್ಯಯುಗದ ನಕ್ಷೆ ಕಳೆದೋಗಿತ್ತು. ತೊಗಲಿನ ಹಾಳೆಯದು, ಆಳೆತ್ತರಕ್ಕಿಂತ ಎಷ್ಟೋ ದೊಡ್ಡದು. 1814ರಲ್ಲಿ ಅದರ ಅರ್ಧ ಡಾರ್ಮ್‌ಸ್ಟಾಟ್ ಅನ್ನೋ ಊರಲ್ಲಿ ಸಿಕ್ತು, ಇನ್ನರ್ಧ 1816ರಲ್ಲಿ ಪ್ಯಾರಿಸಿನಲ್ಲಿ. ಎರಡೂ ಸೇರಿಸಿ, ಸತ್ತು ಐದಾರು ನೂರು ವರ್ಷ ಆದವರ ಮನಸಲ್ಲಿದ್ದ ಗೋಪುರವನ್ನ ಹಂಗೇ ಕಟ್ಟೋಕೆ ನಿಂತ್ರು. ಪ್ರಷ್ಯಾದ ದೊರೆ 1842ರಲ್ಲಿ ಕೆಲಸಕ್ಕೆ ಮತ್ತೆ ಕಲ್ಲು ಹಾಕಿಸಿದ. ಮುಂದಿನ ವರ್ಷವೇ ಮೈಸೂರಿನಲ್ಲಿ ಮುಮ್ಮಡಿಯವರ ಚಿಕ್ಕ ಚರ್ಚ್ ಆದದ್ದು. ಕಲೋನ್ ಮುಗಿದದ್ದು 1880ರಲ್ಲಿ. ಶುರುವಾಗಿ 632 ವರ್ಷಕ್ಕೆ! ಮನೆ ಮೇಲೆ ಒಂದು ಅಂತಸ್ತು ಏರಿಸೋದು ಮೂರು ವರ್ಷ ತಡ ಆಯ್ತು ಅಂತ ಕೊರಗೋರು ಇದನ್ನ ನೆನೆಸ್ಕೊಳ್ಳಿ. ಎರಡನೇ ಮಹಾಯುದ್ಧದಲ್ಲಿ ಅದರ ಮೇಲೆ 14 ಬಾಂಬು ಬಿತ್ತು, ಸುತ್ತ ಊರೆಲ್ಲ ನೆಲಸಮ ಆಯ್ತು, ಚರ್ಚ್ ಮಾತ್ರ ನಿಂತಿತ್ತು. ಆ ಕಲ್ಲಿನ ಕಡ್ಡಿ, ಆಸರೆ ಎಲ್ಲ ಒಂದನ್ನೊಂದು ಹಿಡ್ಕೊಂಡಿದ್ವು.

ಕಲೋನಿನ ವಿಷಯದಲ್ಲಿ ನಮ್ಮೂರ ಹೆಂಗಸರಿಗೆ ಹೇಳಲೇಬೇಕಾದ ಒಂದು ಮಾತೈತೆ. ಅಲ್ಲಿ ಚರ್ಚಿನ ಕಲ್ಲು ಏರ್ತಿದ್ದ ಕಾಲದಲ್ಲೇ ಹೆಂಗಸರದ್ದೇ ಕಸುಬಿನ ಸಂಘಗಳಿದ್ವು. ನೂಲು ಮಾಡೋರದ್ದು, ಜರಿ ಎಳೆ ತೆಗೆಯೋರದ್ದು 1397ರಲ್ಲಿ, ರೇಷ್ಮೆ ಮಾಡೋರದ್ದು 1437ರಲ್ಲಿ. ಅವರೇ ಯಜಮಾನಿಯರು, ಅವರೇ ಹುಡುಗಿಯರನ್ನ ಇಟ್ಕೊಂಡು ಕೆಲಸ ಕಲಿಸೋರು. ರಾಮನಗರದ ಗೂಡಿನ ಮಾರುಕಟ್ಟೆ ಗೊತ್ತಿರೋರು ನಾವು. ಹುಳ ಸಾಕೋ ಮನೆಯಲ್ಲಿ ನಿದ್ದೆಗೆಟ್ಟು ಸೊಪ್ಪು ಹಾಕೋರು, ಬಿಸಿನೀರಲ್ಲಿ ಬೆರಳು ಬೇಯಿಸ್ಕೊಂಡು ನೂಲು ತೆಗೆಯೋರು ಯಾರು ಅಂತ ನಿಮಗೆ ಹೇಳಬೇಕಾ? ಚರ್ಚಿನ ಪುಸ್ತಕಗಳಲ್ಲಿ ಬಿಷಪ್ಪರ ಹೆಸರು, ದೊರೆ ಹೆಸರು ಐತೆ. ಆ ಊರಿನ ಸಂಪತ್ತಿನಲ್ಲಿ ಈ ಹೆಂಗಸರ ಬೆವರೂ ಇತ್ತು ಅನ್ನೋದನ್ನ ನಾವಾದ್ರೂ ನೆನೆಯೋಣ.

ನೆಲದಡಿಯ ಹುಡುಗಿ

ಈಗ ಫಿಲೋಮಿನಾ ಯಾರು ಅನ್ನೋದು. ಬಲಿಪೀಠದ ಕೆಳಗೆ ಮೆಟ್ಟಿಲಿಳಿದು ಹೋದ್ರೆ ನೆಲಮಾಳಿಗೆ ಐತೆ, ಅಲ್ಲಿ ಅವಳ ಮಲಗಿದ ಪ್ರತಿಮೆ. ಕಿರಿದಾದ ಓಣಿಯಂಥ ದಾರಿ, ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತಬೇಕು.

1802ರ ಮೇ ತಿಂಗಳಲ್ಲಿ ರೋಮ್ ಪಟ್ಟಣದ ನೆಲದಡಿಯ ಹಳೇ ಸಮಾಧಿಗಳಲ್ಲಿ ಒಂದು ಹರೆಯದ ಹುಡುಗಿಯ ಮೂಳೆ ಸಿಕ್ತು. ಸಮಾಧಿ ಮುಚ್ಚಿದ್ದು ಮೂರು ಸುಟ್ಟ ಮಣ್ಣಿನ ಬಿಲ್ಲೆಯಿಂದ. ಅದರ ಮೇಲೆ ಲಂಗರು, ಬಾಣ, ಗರಿ ಬಿಡಿಸಿ ಲ್ಯಾಟಿನ್ ಅಕ್ಷರ ಬರೆದಿತ್ತು. ಇದ್ದ ಸಾಲಿನಲ್ಲಿ ಓದಿದ್ರೆ "ಲುಮೆನಾ, ಪಾಕ್ಸ್ ತೇ, ಕುಮ್ ಫಿ", ಅರ್ಥವೇ ಆಗಲ್ಲ. ಮೊದಲ ಬಿಲ್ಲೆಯನ್ನ ಕೊನೆಗಿಟ್ಟು ಓದಿದ್ರು. "ಪಾಕ್ಸ್ ತೇಕುಮ್ ಫಿಲುಮೆನಾ", ಅಂದ್ರೆ ಫಿಲುಮೆನಾ, ನಿನಗೆ ಶಾಂತಿ ಇರಲಿ. ಹೆಸರು ಸಿಕ್ಕಿದ್ದು ಹಿಂಗೆ. ಮೂಳೆಯನ್ನ 1805ರಲ್ಲಿ ನೇಪಲ್ಸ್ ಹತ್ತಿರದ ಮುಗ್ನಾನೋ ಅನ್ನೋ ಊರಿಗೆ ತಗೊಂಡೋದ್ರು. ಹರಕೆ, ಪವಾಡ ಶುರುವಾಯ್ತು. 1833ರಲ್ಲಿ ಒಬ್ಬ ಸನ್ಯಾಸಿನಿ, ಈ ಹುಡುಗಿ ತನಗೆ ತನ್ನ ಕತೆ ಹೇಳಿದಳು ಅಂದ್ರು. ಗ್ರೀಕ್ ದೊರೆ ಮಗಳು, ರೋಮಿನ ಚಕ್ರವರ್ತಿ ಮದುವೆಗೆ ಕೇಳಿದ, ಇವಳು ಒಲ್ಲೆ ಅಂದಳು. ಚಾಟಿಯಲ್ಲಿ ಹೊಡೆಸಿದ, ಲಂಗರು ಕಟ್ಟಿ ನೀರಿಗೆ ಹಾಕಿಸಿದ, ಬಾಣ ಬಿಡಿಸಿದ. ಯಾವುದಕ್ಕೂ ಸಾಯದೆ ಇದ್ದಾಗ ತಲೆ ತೆಗೆಸಿದ.

ಆಮೇಲೆ ಬಂದ ವಿದ್ವಾಂಸರು ಬಿಲ್ಲೆಯನ್ನ ಮತ್ತೆ ನೋಡಿದ್ರು. ಸಾಲು ತಪ್ಪಿರೋದು ಯಾಕೆ ಅಂದ್ರೆ, ಹಳೇ ಸಮಾಧಿಯ ಬಿಲ್ಲೆಯನ್ನ ಬೇರೆಯವರ ಸಮಾಧಿಗೆ ಬಳಸಿರಬೇಕು ಅಂದ್ರು. ಹಂಗಿದ್ರೆ ಒಳಗಿದ್ದ ಹುಡುಗಿ ಫಿಲೋಮಿನಾ ಅಲ್ಲವೇ ಅಲ್ಲ. 1961ರಲ್ಲಿ ರೋಮಿನೋರು ಅವಳ ಹಬ್ಬವನ್ನ ಪಂಚಾಂಗದಿಂದ ತೆಗೆಸಿದ್ರು. ಮನೆಯಲ್ಲಿ, ಮನಸಲ್ಲಿ ಪ್ರಾರ್ಥನೆ ಮಾಡ್ಕೊಳ್ಳೋರಿಗೆ ಅಡ್ಡಿ ಹೇಳಲಿಲ್ಲ.

ಇದನ್ನ ಓದಿ ನನಗೆ ಸಂಕಟ ಆಯ್ತು. ಹಂಗಾದ್ರೆ ಮೈಸೂರಿನ ನೆಲಮಾಳಿಗೆಯಲ್ಲಿ ಮೊಣಕಾಲೂರಿ ಮಕ್ಕಳಿಗೆ ಜ್ವರ ಬಿಡಲಿ, ಗಂಡ ಕುಡಿತ ಬಿಡಲಿ, ಮಗಳಿಗೆ ಒಳ್ಳೆ ಜಾಗ ಸಿಗಲಿ ಅಂತ ಬೇಡ್ಕೊಂಡ ಅಷ್ಟೂ ಹೆಂಗಸರು ಯಾರನ್ನ ಬೇಡ್ಕೊಂಡ್ರು? ನಾನು ತಿಳ್ಕೊಂಡಿದ್ದು ಇಷ್ಟು. ಹೆಸರು ತಪ್ಪಿರಬಹುದು, ಕನಸಿನ ಕತೆಗೆ ಸಾಕ್ಷಿ ಇಲ್ಲದೇ ಇರಬಹುದು. ಅಲ್ಲಿ ಒಬ್ಬ ಹುಡುಗಿ ಇದ್ದಳು, ಚಿಕ್ಕ ವಯಸ್ಸಿಗೇ ಸತ್ತಳು, ಯಾರೋ ಅವಳನ್ನ ಜತನದಿಂದ ಮಣ್ಣು ಮಾಡಿದ್ರು. ಅದು ಸುಳ್ಳಲ್ಲ. ನಮ್ಮ ಊರ ಗಡಿಗಳಲ್ಲಿ ಎಷ್ಟು ವೀರಗಲ್ಲು, ಮಾಸ್ತಿಕಲ್ಲು ಹೆಸರಿಲ್ಲದೆ ನಿಂತಿಲ್ಲ? ಕುಂಕುಮ ಇಡೋದನ್ನ ನಾವು ಬಿಟ್ಟಿದ್ದೀವಾ? ಚರಿತ್ರೆ ಬರೆಯೋರು ಸಾಕ್ಷಿ ಕೇಳಬೇಕು, ಅದು ಅವರ ಧರ್ಮ, ಮಕ್ಕಳಿಗೆ ಹೇಳೋವಾಗ ನಾವೂ ಯಾವುದು ದಾಖಲೆ, ಯಾವುದು ನಂಬಿಕೆ ಅಂತ ಬಿಡಿಸಿ ಹೇಳಬೇಕು. ಆದ್ರೆ ಹರಕೆ ಹೊತ್ತೋಳ ಕಣ್ಣೀರಿಗೆ ದಾಖಲೆ ಕೇಳೋಕಾಗಲ್ಲ.

ಮೂಳೆ ಕಾಣೋ ಚರ್ಚು

ಗಾತಿಕ್ ಚರ್ಚಿನ ಎಲುಬು ಹೆಂಗಿರುತ್ತೆ ನೋಡಬೇಕಾದ್ರೆ ಹಾಸನದ ಕಡೆ ಶೆಟ್ಟಿಹಳ್ಳಿಗೆ ಹೋಗಬೇಕು. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚ್ ಅದು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಆದ ಮೇಲೆ ಊರು ಖಾಲಿಯಾಯ್ತು. ಮಳೆಗಾಲದಲ್ಲಿ ಹಿನ್ನೀರು ಚರ್ಚಿನೊಳಗೆ ನುಗ್ಗುತ್ತೆ, ಬೇಸಿಗೆಯಲ್ಲಿ ನೆಲ ಕಾಣುತ್ತೆ. ಚಾವಣಿ ಹೋಗಿ ಎಷ್ಟೋ ಕಾಲವಾಯ್ತು. ಚೂಪು ಕಮಾನುಗಳು ಮಾತ್ರ ಭಾರ ಹೊರೋದು ಏನೂ ಉಳೀದೇ ಇದ್ರೂ ನಿಂತವೆ, ವರ್ಷ ವರ್ಷಕ್ಕೂ ಸವೀತಾ ಅವೆ. ಮಕ್ಕಳಿಗೆ ಕಮಾನು ಅಂದ್ರೆ ಏನು ಅಂತ ತೋರಿಸೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಗೋಡೆ ಹತ್ತೋಕೆ ಮಾತ್ರ ಬಿಡಬೇಡಿ.

ಹತ್ತಿರದ್ದೇ ಬೇಕು ಅಂದ್ರೆ ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ. ಈಗಿನ ಕಟ್ಟಡ 1882ರಲ್ಲಿ ಮುಗಿದದ್ದು, ಅದೂ ಗಾತಿಕ್ಕೇ. 1973ರಲ್ಲಿ ಬೆಸಿಲಿಕಾ ಅನ್ನೋ ಮಾನ ಸಿಕ್ತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಸೀರೆ ಉಟ್ಟು ಬರೋ ಹೆಂಗಸರಲ್ಲಿ ಎಲ್ಲ ಜಾತಿಯೋರೂ ಇರ್ತಾರೆ. ನಮ್ಮ ಕನಕಪುರ ಸೀಮೆಯ ಹಾರೋಬೆಲೆಯಂಥ ಊರಲ್ಲಿ ತಲೆತಲಾಂತರದಿಂದ ಕ್ರೈಸ್ತರವ್ರೆ. ಅವರು ಆಡೋದು ನಾವಾಡೋ ಕನ್ನಡ, ಉಣ್ಣೋದು ನಾವುಣ್ಣೋ ಮುದ್ದೆ ಸಾರು.

ಯಾಕೆ ಇದನ್ನೆಲ್ಲ ಹೇಳ್ತೀನಿ ಅಂದ್ರೆ, ಈಚೆಗೆ ಎಲ್ಲದಕ್ಕೂ "ಅದು ಅವರದ್ದು, ಇದು ನಮ್ಮದು" ಅನ್ನೋ ಮಾತು ಮನೆಯೊಳಗೂ ಬಂದೈತೆ. ಫಿಲೋಮಿನಾ ಚರ್ಚ್ ಪೂಜೆ ಮಾಡೋರ ಪಾಲಿಗೆ ಕ್ರೈಸ್ತರದ್ದು, ಅದರಲ್ಲಿ ಎರಡು ಮಾತಿಲ್ಲ. ಪಾಯದ ಕಲ್ಲು ಹಾಕಿದ ಕೈ ಒಡೆಯರದ್ದು, ನಕ್ಷೆ ಫ್ರೆಂಚರದ್ದು, ಗೋಪುರದ ರೂಪು ಜರ್ಮನಿಯದ್ದು, ಸಂತಳ ಹೆಸರು ಗ್ರೀಕು, ನೆಲ ನಮ್ಮದು. ಇದನ್ನ ಯಾವ ಅಳತೆಗೋಲಿಂದ ಪಾಲು ಮಾಡ್ತೀರಿ?

ಮುಂದಿನ ಸಲ ಮೈಸೂರಿಗೆ ಹೋದಾಗ ಚರ್ಚನ್ನ ಕೊನೆಗಿಡಬೇಡಿ. ಬೆಳಗ್ಗೆಯೋ, ಸಂಜೆ ಬಿಸಿಲು ಓರೆಯಾದಾಗಲೋ ಹೋಗಿ, ಗಾಜಿನ ಬಣ್ಣ ಆಗಲೇ ಚೆಂದ. ಪೂಜೆ ನಡೀತಿದ್ರೆ ಹಿಂದೆ ಸುಮ್ನೆ ಕೂತ್ಕೊಳ್ಳಿ, ಫೋನು ಎತ್ತಬೇಡಿ. ಹಜಾರದ ನಡುವೆ ನಿಂತು ಒಂದು ಕಂಬದ ಬುಡದಿಂದ ಕಣ್ಣು ಏರಿಸ್ಕೊಂಡು ಹೋಗಿ, ಅದು ಎಲ್ಲಿ ಕವಲೊಡೆದು ಕಮಾನು ಆಗುತ್ತೆ ನೋಡಿ. ಕಿಟಕಿಯಲ್ಲಿ ಐದು ಕತೆ ಮಕ್ಕಳ ಕೈಲಿ ಹುಡುಕಿಸಿ. ನೆಲಮಾಳಿಗೆ ಮೆಟ್ಟಿಲಲ್ಲಿ ವಯಸ್ಸಾದೋರ ಕೈ ಹಿಡ್ಕೊಳ್ಳಿ. ಆಗಸ್ಟ್ 11ರ ಹೊತ್ತಿಗೆ ಹೋದ್ರೆ ಫಿಲೋಮಿನಾಳ ಹಬ್ಬ. ಪಂಚಾಂಗದಿಂದ ಹೆಸರು ತೆಗೆದು ಅರವತ್ತು ವರ್ಷ ಮೇಲಾದ್ರೂ ಅವಳ ಹೆಸರಲ್ಲಿ ಮೇಣದ ಬತ್ತಿ ಹಚ್ಚೋರು ಇನ್ನೂ ಅವ್ರೆ.